ಸಿಸ್ಟಮ್ ಆನ್ ಆಗುತ್ತೆ, ಡಿಸ್‌ಪ್ಲೇ ಬರಲ್ಲ: ಅಂಗಡಿಗೆ ಹೊತ್ಕೊಂಡು ಹೋಗೋ ಮುಂಚೆ ಮನೇಲೇ ನೋಡ್ಕೋಬೇಕಾದ್ದು

"ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಸ್ಕ್ರೀನ್ ಮಾತ್ರ ಕಪ್ಪಗೇ ಇದೆ, ಏನ್ ಮಾಡೋದು ಸಾರ್?" ಈ ಪ್ರಶ್ನೆ ಕೇಳೋರು ಒಬ್ರಾ ಇಬ್ರಾ, ಮಳೆಗಾಲ ಶುರುವಾದ್ರಂತೂ ಇನ್ನೂ ಜಾಸ್ತಿ. ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಟ್ಬಿಡೋಣ ಅಂತ ಇದು. ಮುಖ್ಯವಾಗಿ ಡೆಸ್ಕ್‌ಟಾಪ್ ಇರೋರಿಗೆ, ಅದ್ರಲ್ಲೂ ಬೆಂಗಳೂರಿನ ಎಸ್.ಪಿ. ರೋಡಲ್ಲೋ ನಿಮ್ಮೂರ ಅಂಗಡೀಲೋ ಅಸೆಂಬಲ್ ಮಾಡಿಸ್ಕೊಂಡ ಸಿಸ್ಟಮ್ ಇರೋರಿಗೆ. ಲ್ಯಾಪ್‌ಟಾಪ್‌ನೋರಿಗೆ ಕೊನೇಲಿ ಸ್ವಲ್ಪ ಇದೆ.

ರಿಪೇರಿ ಶುರು ಮಾಡೋ ಮುಂಚೆ, ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತೆ ಅಂತ ಒಂದ್ಸಲ ತಿಳ್ಕೊಳ್ಳಿ, ಯಾಕಂದ್ರೆ ಎಲ್ಲಾ ಉತ್ತರನೂ ಅಲ್ಲೇ ಇರೋದು. ಮೊದ್ಲು ಎಸ್‌ಎಂಪಿಎಸ್ ಕರೆಂಟ್ ಕೊಡುತ್ತೆ. ಎಸ್‌ಎಂಪಿಎಸ್ ಅಂದ್ರೆ ಕ್ಯಾಬಿನೆಟ್ ಹಿಂದೆ ಪವರ್ ಕೇಬಲ್ ಚುಚ್ತೀವಲ್ಲ ಆ ಡಬ್ಬ, ಮನೆಯ 230 ವೋಲ್ಟನ್ನ 12, 5, 3.3 ವೋಲ್ಟಿಗೆ ಇಳಿಸಿ ಒಳಗಡೆ ಹಂಚೋದು ಅದೇ. ಆಮೇಲೆ ಮದರ್‌ಬೋರ್ಡ್, ಅಂದ್ರೆ ಒಳಗೆ ಎಲ್ಲಾ ಪಾರ್ಟ್ ಕೂತಿರೋ ದೊಡ್ಡ ಬೋರ್ಡ್, ಅದರ ಮೇಲಿರೋ ಬಯಾಸ್ ಅನ್ನೋ ಚಿಕ್ಕ ಪ್ರೋಗ್ರಾಮ್ ಎದ್ದು ಪ್ರೊಸೆಸರ್ ಇದ್ಯಾ, ರ‍್ಯಾಮ್ ಇದ್ಯಾ, ಸ್ಕ್ರೀನಿಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಇದ್ಯಾ ಅಂತ ಒಂದೊಂದಾಗಿ ಹಾಜರಿ ಹಾಕುತ್ತೆ, ಈ ಹಾಜರಿಗೆ ಪೋಸ್ಟ್ ಅಂತ ಹೆಸರು. ಎಲ್ಲಾ ಸರಿ ಇದ್ರೆ ಮಾತ್ರ ಸ್ಕ್ರೀನ್ ಮೇಲೆ ಕಂಪನಿ ಲೋಗೋ. ಅದಾದ್ಮೇಲೇ ಹಾರ್ಡ್ ಡಿಸ್ಕ್, ವಿಂಡೋಸ್ ಎಲ್ಲಾ.

ಅಂದ್ರೆ ಲೋಗೋನೇ ಬಂದಿಲ್ಲ ಅಂದ್ರೆ ಸಿಸ್ಟಮ್ ಇನ್ನೂ ವಿಂಡೋಸ್ ಹತ್ರಾನೇ ಹೋಗಿಲ್ಲ. ಹಂಗಿದ್ಮೇಲೆ "ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡ್ಬೇಕು" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಮನೆಯವರ ಫೋಟೋ, ಮಗಳ ಪ್ರಾಜೆಕ್ಟು, ಟ್ಯಾಲಿ ಡೇಟಾ ಎಲ್ಲಾ ಅಳಿಸಿ ಹೊಸ ವಿಂಡೋಸ್ ಹಾಕಿದ್ರೂ ಲೂಸ್ ಆಗಿರೋ ರ‍್ಯಾಮ್ ಲೂಸಾಗೇ ಇರುತ್ತೆ.

ನಿಮ್ಮದು ಯಾವ ಥರ ಅಂತ ಮೊದ್ಲು ನೋಡ್ಕೊಳ್ಳಿ

ಬಟನ್ ಒತ್ತಿದ್ರೂ ಫ್ಯಾನೂ ಇಲ್ಲ ಲೈಟೂ ಇಲ್ಲ, ಪೂರ್ತಿ ಸತ್ತಂಗಿದೆ ಅಂದ್ರೆ ಹಂತ 1 ನೋಡಿ, ಆಮೇಲೆ ಸೀದಾ ಹಂತ 8ಕ್ಕೆ ಹೋಗಿ. ಫ್ಯಾನ್ ತಿರುಗುತ್ತೆ ಆದ್ರೆ ಲೋಗೋ ಬರಲ್ಲ ಅಂದ್ರೆ 1ರಿಂದ ಸಾಲಾಗಿ ಬನ್ನಿ, ಜಾಸ್ತಿ ಜನರದ್ದು ಇದೇ. ಲೋಗೋ ಬರುತ್ತೆ, ಚುಕ್ಕಿಗಳು ಗುಂಡಗೆ ಸುತ್ತುತ್ವೆ, ಆಮೇಲೆ ಕಪ್ಪಾಗುತ್ತೆ ಅಂದ್ರೆ ಕ್ಯಾಬಿನೆಟ್ ಬಿಚ್ಚೋದೇ ಬೇಡ, ಹಂತ 9.

ಮಾನಿಟರ್ ಮೇಲೆ "ನೋ ಸಿಗ್ನಲ್" ಅಂತ ಬರ್ತಿದ್ರೆ ಮಾನಿಟರ್ ಬದುಕಿದೆ, ಸಿಸ್ಟಮ್‌ನಿಂದ ಅದಕ್ಕೆ ಏನೂ ಬರ್ತಿಲ್ಲ ಅಂತ ಅರ್ಥ. ಇನ್ನೊಂದು ಸುಲಭದ ಟೆಸ್ಟ್ ಇದೆ, ಆನ್ ಮಾಡಿ ಒಂದು ನಿಮಿಷ ಬಿಟ್ಟು ಕೀಬೋರ್ಡಲ್ಲಿ ಕ್ಯಾಪ್ಸ್ ಲಾಕ್ ಒತ್ತಿ. ಒತ್ತಿದಾಗೆಲ್ಲ ಅದರ ಲೈಟ್ ಹತ್ತಿ ಆರ್ತಾ ಇದ್ರೆ ಸಿಸ್ಟಮ್ ಒಳಗಡೆ ಎದ್ದು ಕೂತಿದೆ, ಚಿತ್ರ ಮಾತ್ರ ನಿಮಗೆ ತಲುಪ್ತಿಲ್ಲ, ಹಂಗಿದ್ರೆ ಕೇಬಲ್, ಮಾನಿಟರ್, ಗ್ರಾಫಿಕ್ಸ್ ಕಡೆ ನೋಡಿ. ಲೈಟ್ ಕಮಕ್ ಕಿಮಕ್ ಅನ್ನಲಿಲ್ಲ ಅಂದ್ರೆ ಪೋಸ್ಟ್ ಮುಗಿದೇ ಇಲ್ಲ, ರ‍್ಯಾಮ್ ಕಡೆ ಅನುಮಾನ ಜಾಸ್ತಿ. ಆನ್ ಮಾಡಿದ ತಕ್ಷಣ ಲೈಟ್ ಒಂದ್ಸಲ ಮಿಂಚಿ ಹೋಗೋದನ್ನ ಲೆಕ್ಕಕ್ಕೆ ತಗೋಬೇಡಿ, ಅದು ಬರೀ ಕರೆಂಟ್ ಬಂದಿದ್ದಕ್ಕೆ. ವೈರ್‌ಲೆಸ್ ಕೀಬೋರ್ಡ್ ಸುಮಾರಿಗೆ ಲೈಟೇ ಇರಲ್ಲ, ಯಾರದ್ದಾದ್ರೂ ಒಂದು ವೈರ್ ಇರೋದು ಇಸ್ಕೊಳ್ಳಿ.

ಏನೇನ್ ಬೇಕು

ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಮೆತ್ತನೆ ಬ್ರಷ್ (ಹೊಸ ಪೇಂಟಿಂಗ್ ಬ್ರಷ್ ಸಾಕು), ಮಕ್ಕಳ ಬಿಳಿ ರಬ್ಬರ್, ಟಾರ್ಚ್. ಸಾಧ್ಯ ಆದ್ರೆ ಇನ್ನೊಂದು ಎಚ್‌ಡಿಎಂಐ ಅಥವಾ ವಿಜಿಎ ಕೇಬಲ್, ಅಂದ್ರೆ ಸಿಸ್ಟಮ್‌ನಿಂದ ಮಾನಿಟರಿಗೆ ಚಿತ್ರ ಒಯ್ಯೋ ಕೇಬಲ್. ಬೇರೆ ಮಾನಿಟರ್ ಇಲ್ಲ ಅಂತ ಕೂರ್ಬೇಡಿ, ಹಾಲ್‌ನಲ್ಲಿರೋ ಟಿವಿಗೆ ಎಚ್‌ಡಿಎಂಐ ಇದ್ರೆ ಅದೇ ಮಾನಿಟರ್. ಮತ್ತೆ ಮೊಬೈಲ್, ಯಾಕಂದ್ರೆ ಯಾವುದೇ ವೈರ್ ಕೀಳೋ ಮುಂಚೆ ಅದ್ರ ಫೋಟೋ ತೆಗೀಬೇಕು. ಇದನ್ನ ಸೋಮಾರಿತನಕ್ಕೆ ಬಿಟ್ಟೋರೇ ಆಮೇಲೆ ಪವರ್ ಬಟನ್ನಿನ ಸಣ್ಣ ವೈರ್ ಎಲ್ಲಿಗೆ ಹೋಗ್ಬೇಕು ಅಂತ ತಲೆ ಕೆರ್ಕೊಳೋದು.

ಸೇಫ್ಟಿ ವಿಷ್ಯ, ಇದನ್ನ ಓದದೇ ಮುಂದೆ ಹೋಗ್ಬೇಡಿ. ಕ್ಯಾಬಿನೆಟ್ ಬಿಚ್ಚೋ ಮುಂಚೆ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಯುಪಿಎಸ್ ಇದ್ರೆ ಅದು ಒಳಗಿಂದ ಕರೆಂಟ್ ಕೊಡ್ತಾನೇ ಇರುತ್ತೆ, ಪವರ್ ಕೇಬಲನ್ನೇ ಕ್ಯಾಬಿನೆಟ್ ಹಿಂದಿನಿಂದ ಕಿತ್ತು ಪಕ್ಕಕ್ಕಿಡಿ. ಕಿತ್ತ ಮೇಲೆ ಪವರ್ ಬಟನ್ನನ್ನ 20–30 ಸೆಕೆಂಡ್ ಒತ್ತಿ ಹಿಡೀರಿ, ಬೋರ್ಡಲ್ಲಿ ಉಳಿದಿರೋ ಚಾರ್ಜ್ ಹೋಗುತ್ತೆ. ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟಿಗೆ ಚಿಪ್‌ಗಳು ಸುಟ್ಟೋಗೋ ಸಾಧ್ಯತೆ ಇದೆ, ಅದಕ್ಕೆ ಕೆಲಸದ ಮಧ್ಯೆ ಆಗಾಗ ಕ್ಯಾಬಿನೆಟ್‌ನ ಬಣ್ಣ ಇಲ್ಲದ ತಗಡನ್ನ ಮುಟ್ತಾ ಇರಿ, ಪಾಲಿಯೆಸ್ಟರ್ ಬಟ್ಟೆ, ಕಾರ್ಪೆಟ್ ಬೇಡ. ಎಸ್‌ಎಂಪಿಎಸ್ ಡಬ್ಬನ ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತೆ, ಕೇಬಲ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ, ಅದು ಆಟ ಆಡೋ ಜಾಗ ಅಲ್ಲ.

ಮತ್ತೊಂದು ನಿಯಮ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆನ್ ಮಾಡಿ ನೋಡಿ, ಆಫ್ ಮಾಡಿ, ಕೇಬಲ್ ಕೀಳಿ, ಮುಂದಿನದು. ಎಲ್ಲಾ ಒಟ್ಟಿಗೆ ಕಿತ್ತು ಜೋಡಿಸಿದ್ರೆ ಅದೃಷ್ಟಕ್ಕೆ ಸರಿ ಹೋದ್ರೂ ಯಾವುದ್ರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ, ಮುಂದಿನ ತಿಂಗಳು ಮತ್ತೆ ಇದೇ ಕಥೆ.

ಹಂತ 1: ಕರೆಂಟು, ಮಾನಿಟರು

ನಗ್ಬೇಡಿ, ಸುಮಾರು ಕೇಸ್ ಇಲ್ಲೇ ಮುಗಿಯುತ್ತೆ. ಮಾನಿಟರಿಗೆ ಅದರದ್ದೇ ಪವರ್ ಲೈಟ್ ಇರುತ್ತೆ, ಅದು ಹತ್ತಿದ್ಯಾ? ಹತ್ತಿಲ್ಲ ಅಂದ್ರೆ ಎಕ್ಸ್‌ಟೆನ್ಶನ್ ಬೋರ್ಡಿನ ಆ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಬ್ಯಾಟರಿ ಹಳೇದಾಗಿದ್ರೆ ಬಟನ್ ಒತ್ತಿದ ಕೂಡ್ಲೆ ಲೋಡ್ ತಡೀದೆ ಟ್ರಿಪ್ ಆಗ್ಬೋದು, ಯುಪಿಎಸ್ ಪಕ್ಕಕ್ಕಿಟ್ಟು ಗೋಡೆ ಸಾಕೆಟ್‌ಗೇ ನೇರ ಹಾಕಿ ಒಂದ್ಸಲ ನೋಡಿ. ಬೇಸಿಗೇಲಿ ಹಳ್ಳಿ ಕಡೆ ವೋಲ್ಟೇಜ್ ಬಿದ್ದಾಗ ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದೇ ಇರೋದೂ ಉಂಟು, ರಾತ್ರಿ ವೋಲ್ಟೇಜ್ ಸರಿ ಇರೋವಾಗ ಇನ್ನೊಂದ್ಸಲ ಟ್ರೈ ಮಾಡಿ.

ಎಸ್‌ಎಂಪಿಎಸ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ಒಂದು ಕಡೆ ಗೆರೆ ಇನ್ನೊಂದು ಕಡೆ ಸೊನ್ನೆ, ಗೆರೆ ಕಡೆ ಒತ್ತಿರ್ಬೇಕು, ಕಸ ಗುಡಿಸೋವಾಗ ಕೈ ತಾಗಿ ಆಫ್ ಆಗಿರುತ್ತೆ. ಹಳೇ ಎಸ್‌ಎಂಪಿಎಸ್‌ಗಳಲ್ಲಿ 115/230 ಅಂತ ಇನ್ನೊಂದು ಕೆಂಪು ಸ್ವಿಚ್ ಇರುತ್ತೆ, ಅದನ್ನ ಮುಟ್ಲೇಬೇಡಿ, ನಮ್ಮಲ್ಲಿ 230ರಲ್ಲೇ ಇರ್ಬೇಕು, 115ಕ್ಕೆ ಸರಿಸಿ ಆನ್ ಮಾಡಿದ್ರೆ ಢಮಾರ್.

ಆಮೇಲೆ ಮಾನಿಟರಿನ ಇನ್‌ಪುಟ್ ಅಥವಾ ಸೋರ್ಸ್ ಬಟನ್. ಕೇಬಲ್ ಎಚ್‌ಡಿಎಂಐಗೆ ಹಾಕಿ ಮಾನಿಟರ್ ವಿಜಿಎಯಲ್ಲಿ ಕೂತಿದ್ರೆ ಜನ್ಮಕ್ಕೂ ಚಿತ್ರ ಬರಲ್ಲ.

ಹಂತ 2: ಕೇಬಲ್ ಯಾವ ತೂತಲ್ಲಿದೆ?

ಗ್ರಾಫಿಕ್ಸ್ ಕಾರ್ಡ್ ಇರೋ ಸಿಸ್ಟಮಲ್ಲಿ ಹಿಂದೆ ಎರಡು ಕಡೆ ಎಚ್‌ಡಿಎಂಐ ಇರುತ್ತೆ. ಮೇಲ್ಗಡೆ ಯುಎಸ್‌ಬಿ ಗುಂಪಿನ ಜೊತೆ ಇರೋದು ಮದರ್‌ಬೋರ್ಡ್‌ದು, ಕೆಳಗಡೆ ಅಡ್ಡಡ್ಡ ಇರೋದು ಕಾರ್ಡ್‌ದು. ಕಾರ್ಡ್ ಇದ್ರೆ ಕೇಬಲ್ ಕೆಳಗಿಂದಕ್ಕೇ ಹಾಕ್ಬೇಕು. ಮನೆ ಕ್ಲೀನ್ ಮಾಡೋರು ಕಿತ್ತು ವಾಪಸ್ ಚುಚ್ಚುವಾಗ ಮೇಲಿನದಕ್ಕೆ ಹಾಕಿರ್ತಾರೆ, ಹಬ್ಬದ ಮಾರನೇ ದಿನ ಬರೋ ಕಂಪ್ಲೇಂಟೆಲ್ಲ ಹೆಚ್ಚಾಗಿ ಇದೇ.

ಪ್ರೊಸೆಸರ್ ಹೆಸರಿನ ಕೊನೇ ಅಕ್ಷರನೂ ನೋಡಿ. ಇಂಟೆಲ್‌ನಲ್ಲಿ ಐ5-12400ಎಫ್ ಥರ ಕೊನೇಲಿ ಎಫ್ ಇದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸೇ ಇಲ್ಲ, ಮದರ್‌ಬೋರ್ಡ್ ಎಚ್‌ಡಿಎಂಐ ಬರೀ ಅಲಂಕಾರಕ್ಕೆ. ಎಎಂಡಿಯಲ್ಲಿ ರೈಜನ್ 5 3600, 5600 ಇವುಗಳಿಗೂ ಇಲ್ಲ, 5600ಜಿ ಥರ ಜಿ ಇದ್ರೆ ಇದೆ. ರೈಜನ್ 7000 ಸೀರೀಸ್‌ನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಎಫ್ ಇಲ್ಲದವಕ್ಕೆ ಕೆಲಸ ನಡೆಯೋಷ್ಟು ಗ್ರಾಫಿಕ್ಸ್ ಇದೆ. ಬಾಕ್ಸ್ ಅಥವಾ ಬಿಲ್ಲಲ್ಲಿ ಈ ಹೆಸರು ಇರುತ್ತೆ, ಒಂದು ಕಡೆ ಬರ್ಕೊಳ್ಳಿ, ಹಂತ 6ರಲ್ಲಿ ಬೇಕಾಗುತ್ತೆ.

ವಿಜಿಎ ಕೇಬಲ್ ಆದ್ರೆ ಕಿತ್ತು ಅದರ ಪಿನ್ ನೋಡಿ, ಒಂದು ಬಗ್ಗಿದ್ರೂ ಬಣ್ಣ ಹೋಗೋದು ಅಥವಾ ಪೂರ್ತಿ ಖಾಲಿ ಬರೋದು ಆಗುತ್ತೆ. ಒಂದೆರಡು ಪಿನ್ ಇರೋದೇ ಇಲ್ಲ ಅನ್ನೋ ಕೇಬಲ್‌ಗಳೂ ಬರ್ತವೆ, ಅದು ಮುರಿದಿದ್ದಲ್ಲ, ಹಾಗೇ ತಯಾರಾಗಿರೋದು.

ಹಂತ 3: ಅಂಟ್ಕೊಂಡಿರೋದೆಲ್ಲ ಕೀಳಿ

ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಲ್ಯಾನ್ ಕೇಬಲ್ ಎಲ್ಲಾ ಕಿತ್ತು ಬರೀ ಮಾನಿಟರ್, ಕೀಬೋರ್ಡ್ ಇಟ್ಟು ಆನ್ ಮಾಡಿ. ಒಳಗೆ ಶಾರ್ಟ್ ಆಗಿರೋ ಒಂದು ಪೆನ್‌ಡ್ರೈವ್ ಇಡೀ ಸಿಸ್ಟಮ್ಮನ್ನ ನಿಲ್ಲಿಸ್ಬಿಡುತ್ತೆ. ಮುಂದಿನ ಯುಎಸ್‌ಬಿ ತೂತುಗಳನ್ನ ಟಾರ್ಚ್ ಹಾಕಿ ನೋಡಿ, ಒಳಗಿನ ಪಿನ್ ಬಗ್ಗಿ ಒಂದಕ್ಕೊಂದು ತಾಗ್ತಿದ್ರೆ ಅದೂ ಶಾರ್ಟೇ.

ಮಲೆನಾಡು, ಕರಾವಳಿ ಕಡೆಯೋರಿಗೆ ಒಂದು ಮಾತು. ಗುಡುಗು ಮಿಂಚಿನ ರಾತ್ರಿ ಕಳೆದು ಬೆಳಗ್ಗೆ ಸಿಸ್ಟಮ್ ಸತ್ತಿದ್ರೆ ಪವರ್ ಪ್ಲಗ್ ಕಿತ್ತಿಟ್ಟಿದ್ದೆ ಅಂತ ಸಮಾಧಾನ ಮಾಡ್ಕೋಬೇಡಿ, ಸಿಡಿಲಿನ ಕರೆಂಟ್ ಬ್ರಾಡ್‌ಬ್ಯಾಂಡ್ ವೈರ್, ಮೋಡೆಮ್, ಲ್ಯಾನ್ ಕೇಬಲ್ ದಾರೀಲೂ ಬರುತ್ತೆ. ಅಂಥ ಕೇಸಲ್ಲಿ ಹೆಚ್ಚಾಗಿ ಮದರ್‌ಬೋರ್ಡೇ ಹೋಗಿರುತ್ತೆ.

ಹಂತ 4: ರ‍್ಯಾಮ್

ಡಿಸ್‌ಪ್ಲೇ ಬರದೇ ಇರೋದಕ್ಕೆ ನನ್ನ ಪ್ರಕಾರ ನಂಬರ್ ಒನ್ ಕಾರಣ ಇದು, ಅದಕ್ಕೆ ಇಲ್ಲಿ ನಿಧಾನವಾಗಿ ಹೋಗೋಣ. ರ‍್ಯಾಮ್ ಅಂದ್ರೆ ಸಿಸ್ಟಮ್ ಕೆಲಸ ಮಾಡೋವಾಗ ಬೇಕಾದ್ದನ್ನ ತಾತ್ಕಾಲಿಕವಾಗಿ ಇಟ್ಕೊಳೋ ಜಾಗ, ಪ್ರೊಸೆಸರ್ ಫ್ಯಾನ್ ಪಕ್ಕ ಉದ್ದಕ್ಕೆ ನಿಂತಿರೋ ಪಟ್ಟಿ. ಇದನ್ನ ಕಿತ್ರೆ ಡೇಟಾ ಹೋಗುತ್ತಾ ಅಂತ ಭಯಪಡೋರಿದ್ದಾರೆ, ಇಲ್ಲ, ನಿಮ್ಮ ಫೈಲ್‌ಗಳೆಲ್ಲ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿವೆ.

ಕ್ಯಾಬಿನೆಟ್ ಮಲಗಿಸಿ, ಹಿಂದಿನ ಎರಡು ಸ್ಕ್ರೂ ಬಿಚ್ಚಿ (ಮುಂದಿನಿಂದ ನೋಡಿದ್ರೆ) ಎಡಗಡೆ ತಗಡು ಸರಿಸಿ. ಸ್ಲಾಟ್ ತುದೀಲಿರೋ ಕ್ಲಿಪ್ ಹೊರಗೆ ಒತ್ತಿದ್ರೆ ರ‍್ಯಾಮ್ ಮೇಲೇಳುತ್ತೆ, ಕೆಲವು ಬೋರ್ಡಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತೆ, ಇನ್ನೊಂದು ಕಡೆ ಬಲವಂತ ಮಾಡ್ಬೇಡಿ. ಅಂಚು ಹಿಡ್ಕೊಂಡು ನೇರ ಮೇಲಕ್ಕೆ ಎತ್ತಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸ್ಬೇಡಿ. ಈಗ ಅದನ್ನ ಬೆಳಕಿಗೆ ಹಿಡಿದು ನೋಡಿ, ಹೊಸದರಲ್ಲಿ ಥಳಥಳ ಅಂತಿದ್ದ ಪಟ್ಟಿ ಮೇಲೆ ಕಂದು ಬಣ್ಣದ ಮಬ್ಬು, ಅಲ್ಲಲ್ಲಿ ಸಣ್ಣ ಕಪ್ಪು ಚುಕ್ಕಿ ಕಾಣುತ್ತೆ. ಥಂಡಿ, ಧೂಳು, ಊದಿನಕಡ್ಡಿ ಹೊಗೆ, ಅಡುಗೆಮನೆ ಒಗ್ಗರಣೆ ಎಣ್ಣೆ ಜಿಡ್ಡು ಎಲ್ಲಾ ಸೇರಿ ಕೂತಿರೋ ಪದರ ಅದು. ರಬ್ಬರ್ ತಗೊಂಡು ಮೆಲ್ಲಗೆ, ಮೇಲಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಲ್ಲಿ ಉಜ್ಜಿ, ಹಿಂದೆ ಮುಂದೆ ಎಳೆದಾಡ್ಬೇಡಿ. ಎರಡೂ ಬದಿ. ಆಮೇಲೆ ರಬ್ಬರ್ ಪುಡಿ ಒಂದು ಚೂರೂ ಉಳೀದಂಗೆ ಬ್ರಷ್‌ನಿಂದ ಒರೆಸಿ. ಈ ಕೆಲಸನ ಕ್ಯಾಬಿನೆಟ್ ಮೇಲೆ ಹಿಡ್ಕೊಂಡು ಮಾಡ್ಬೇಡಿ, ಪುಡಿಯೆಲ್ಲ ಸ್ಲಾಟಿಗೇ ಬೀಳುತ್ತೆ.

ಸ್ಲಾಟ್ ಒಳಗೆ ಬಾಯಿಂದ ಉಫ್ ಅಂತ ಊದೋ ಅಭ್ಯಾಸ ಬಿಡಿ, ಉಸಿರಿನ ತೇವ ಜೊತೆಗೆ ಎಂಜಲೂ ಹೋಗುತ್ತೆ. ಒಣ ಬ್ರಷ್ ಸಾಕು. ಬ್ಲೋವರ್ ಇದ್ರೆ ಹಾಕಿ, ಆದ್ರೆ ಫ್ಯಾನ್ ರೆಕ್ಕೆಗೆ ಬೆರಳು ಒತ್ತಿ ಹಿಡಿದು ಹಾಕಿ, ಗಾಳಿಗೆ ಅದು ಲೆಕ್ಕವಿಲ್ಲದ ಸ್ಪೀಡಲ್ಲಿ ಸುತ್ತಿ ಹಾಳಾಗೋದು ಬೇಡ.

ವಾಪಸ್ ಹಾಕೋವಾಗ ಪಟ್ಟಿ ಮಧ್ಯದ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರ್ಬೇಕು, ಕೂರ್ತಿಲ್ಲ ಅಂದ್ರೆ ಉಲ್ಟಾ ಹಿಡಿದಿದ್ದೀರಿ. ಎರಡೂ ತುದಿ ಹೆಬ್ಬೆರಳಲ್ಲಿ ಸಮವಾಗಿ ಒತ್ತಿ, ಟಕ್ ಅಂತ ಕ್ಲಿಪ್ ತಾನಾಗೇ ಬೀಳ್ಬೇಕು. ಸುಮಾರು ಜನ ಇಲ್ಲಿ ಹೆದ್ರಿ ಅರ್ಧ ಒತ್ತಿ ಬಿಡ್ತಾರೆ, ಟಕ್ ಅನ್ನದೇ ಇದ್ರೆ ಕೂತಿಲ್ಲ ಅಂತಾನೇ ಲೆಕ್ಕ.

ಎರಡು ರ‍್ಯಾಮ್ ಇದ್ರೆ ಮೊದ್ಲು ಒಂದನ್ನೇ ಹಾಕಿ ಆನ್ ಮಾಡಿ, ಆಮೇಲೆ ಇನ್ನೊಂದನ್ನ, ಆಮೇಲೆ ಬೇರೆ ಸ್ಲಾಟಲ್ಲಿ. ನಾಲ್ಕು ಸ್ಲಾಟ್ ಇರೋ ಬೋರ್ಡಲ್ಲಿ ಒಂದೇ ರ‍್ಯಾಮ್ ಆದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಸರಿಯಾದ ಜಾಗ, ಎರಡಾದ್ರೆ ಎರಡನೇದು ಮತ್ತು ನಾಲ್ಕನೇದು. ಹೀಗೆ ಅದಲು ಬದಲು ಮಾಡಿದ್ರೆ ಹೋಗಿರೋದು ರ‍್ಯಾಮೋ ಸ್ಲಾಟೋ ಅಂತ ನಿಮಗೇ ಗೊತ್ತಾಗುತ್ತೆ, ಒಂದು ಸ್ಲಾಟ್ ಮಾತ್ರ ಹೋಗಿದ್ರೆ ಅದನ್ನ ಬಿಟ್ಟು ಇನ್ನೊಂದರಲ್ಲಿ ವರ್ಷಗಟ್ಲೆ ಓಡಿಸ್ಬೋದು.

ಪಕ್ಕದ ಮನೆಯಿಂದ ರ‍್ಯಾಮ್ ಸಾಲ ತಂದು ನೋಡೋರು ಡಿಡಿಆರ್3, ಡಿಡಿಆರ್4, ಡಿಡಿಆರ್5 ಯಾವುದು ಅಂತ ಸ್ಟಿಕರ್ ನೋಡಿ ತನ್ನಿ. ಒಂದರ ಕಚ್ಚು ಇನ್ನೊಂದರ ಸ್ಲಾಟಿಗೆ ಹೊಂದಲ್ಲ, ಒತ್ತಿದ್ರೆ ಸ್ಲಾಟೇ ಮುರಿಯುತ್ತೆ. ಮತ್ತೆ ಡಿಡಿಆರ್5 ಸಿಸ್ಟಮ್ ಇರೋರಿಗೆ ಒಂದು ಎಚ್ಚರಿಕೆ. ರ‍್ಯಾಮ್ ಬದಲಿಸಿದ ಮೇಲೆ ಅಥವಾ ಬಯಾಸ್ ರೀಸೆಟ್ ಮಾಡಿದ ಮೇಲೆ ಮೊದಲ ಸಲ ಆನ್ ಆಗೋವಾಗ ಬೋರ್ಡು ರ‍್ಯಾಮನ್ನ ಪರೀಕ್ಷೆ ಮಾಡಿ ಹೊಂದಿಸ್ಕೊಳ್ಳುತ್ತೆ, ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ, ಹಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರುತ್ತೆ. ಎರಡೇ ನಿಮಿಷಕ್ಕೆ ತಾಳ್ಮೆ ಕೆಟ್ಟು ಆಫ್ ಮಾಡಿದ್ರೆ ಮತ್ತೆ ಮೊದಲಿಂದ. ಟೀ ಮಾಡ್ಕೊಂಡು ಕುಡಿದು ಬನ್ನಿ.

ಹಂತ 5: ಬೀಪ್, ಸಣ್ಣ ಲೈಟ್

ಬೋರ್ಡು ತನಗೇನಾಗಿದೆ ಅಂತ ಹೇಳೋಕೆ ನೋಡುತ್ತೆ. ಈಗಿನ ಸುಮಾರು ಬೋರ್ಡಲ್ಲಿ ಸಿಪಿಯು (ಅಂದ್ರೆ ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಇಲ್ಲಿ ಗ್ರಾಫಿಕ್ಸ್ ಅಂತ ಅರ್ಥ), ಬೂಟ್ ಅಂತ ನಾಲ್ಕು ಸಣ್ಣ ಲೈಟ್ ಸಾಲಾಗಿವೆ, ಆನ್ ಮಾಡಿದಾಗ ಯಾವುದರಲ್ಲಿ ನಿಂತ್ಬಿಡುತ್ತೋ ತೊಂದ್ರೆ ಅಲ್ಲಿ. ಡಿರ‍್ಯಾಮ್‌ನಲ್ಲಿ ನಿಂತ್ರೆ ಹಂತ 4 ಮತ್ತೆ ಮಾಡಿ, ವಿಜಿಎ ಆದ್ರೆ ಹಂತ 6.

ಹಳೇ ಬೋರ್ಡಲ್ಲಿ ಬೀಪ್. ಒಂದು ಸಣ್ಣ ಬೀಪ್ ಬಂದ್ರೆ ಹೆಚ್ಚಿನ ಬೋರ್ಡಲ್ಲಿ ಎಲ್ಲಾ ಸರಿ ಅಂತ, ಉದ್ದ ಬೀಪ್ ನಿಲ್ಲದೇ ಬರ್ತಾ ಇದ್ರೆ ಸಾಮಾನ್ಯವಾಗಿ ರ‍್ಯಾಮ್, ಒಂದು ಉದ್ದ ಎರಡು ಸಣ್ಣದು ಬಂದ್ರೆ ಅವಾರ್ಡ್ ಅನ್ನೋ ಕಂಪನಿಯ ಬಯಾಸಲ್ಲಿ ಗ್ರಾಫಿಕ್ಸ್. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ, ಬೋರ್ಡಿನ ಮ್ಯಾನ್ಯುಯಲ್ ನೋಡಿ. ಈಚಿನ ಕ್ಯಾಬಿನೆಟ್‌ಗಳಲ್ಲಿ ಬೀಪ್ ಮಾಡೋ ಸ್ಪೀಕರೇ ಇರಲ್ಲ, ಅಂಗಡೀಲಿ ಮದರ್‌ಬೋರ್ಡ್ ಬಜರ್ ಅಂತ ಕೇಳಿ, ಬೆರಳುದ್ದದ್ದು ಸಿಗುತ್ತೆ, ಬೋರ್ಡ್ ಮೇಲೆ ಸ್ಪೀಕರ್ ಅಂತ ಬರೆದಿರೋ 4 ಪಿನ್ನಿಗೆ ಚುಚ್ಚಿದ್ರೆ ಆಯ್ತು.

ಬಜರ್ ಇದ್ರೆ ಒಂದು ಒಳ್ಳೇ ಉಪಾಯ. ರ‍್ಯಾಮ್ ಎಲ್ಲಾ ತೆಗೆದು ಆನ್ ಮಾಡಿ. ಬೋರ್ಡು ಕಿರುಚಿಕೊಂಡ್ರೆ ಸಂತೋಷ ಪಡಿ, ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ಮೂರೂ ಜೀವಂತ ಇವೆ. ರ‍್ಯಾಮ್ ಇಲ್ಲದೇ ಇದ್ರೂ ಗಪ್‌ಚುಪ್ ಇದ್ರೆ ಆ ಮೂರರಲ್ಲಿ ಒಂದಕ್ಕೆ ಏನೋ ಆಗಿದೆ.

ಹಂತ 6: ಗ್ರಾಫಿಕ್ಸ್ ಕಾರ್ಡ್

ಕಾರ್ಡ್ ಇಲ್ಲದೋರು ದಾಟಿ ಹೋಗಿ. ಇದ್ದೋರು, ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬರೋ 6 ಅಥವಾ 8 ಪಿನ್ ಕೇಬಲ್ ಗಟ್ಟಿಯಾಗಿ ಕೂತಿದ್ಯಾ ನೋಡಿ, ಅದು ಸಡಿಲ ಇದ್ರೂ ಕೆಲವು ಕಾರ್ಡಿನ ಫ್ಯಾನ್ ತಿರುಗುತ್ತೆ, ಮೋಸ ಹೋಗ್ಬೇಡಿ. ಭಾರದ ಕಾರ್ಡ್‌ಗಳು ವರ್ಷ ಕಳೆದ್ಮೇಲೆ ಒಂದು ಕಡೆ ಜೋತು ಬಿದ್ದು ಸ್ಲಾಟಿಂದ ಎದ್ದಿರುತ್ವೆ. ಕೀಳೋವಾಗ ಸ್ಕ್ರೂ ಬಿಚ್ಚಿದ ಮೇಲೆ ಸ್ಲಾಟ್ ತುದೀಲಿರೋ ಪ್ಲಾಸ್ಟಿಕ್ ಲಾಕ್ ಒತ್ತೋದು ಮರೀಬೇಡಿ, ಮರೆತು ಎಳೆದ್ರೆ ಅದು ಮುರಿಯುತ್ತೆ. ಅದರ ಪಟ್ಟಿಗೂ ಅದೇ ರಬ್ಬರ್ ಚಿಕಿತ್ಸೆ.

ಪ್ರೊಸೆಸರಲ್ಲೇ ಗ್ರಾಫಿಕ್ಸ್ ಇರೋರು ಕಾರ್ಡ್ ಪೂರ್ತಿ ತೆಗೆದಿಟ್ಟು ಮದರ್‌ಬೋರ್ಡ್ ಎಚ್‌ಡಿಎಂಐಗೆ ಕೇಬಲ್ ಹಾಕಿ ನೋಡಿ. ಚಿತ್ರ ಬಂತು ಅಂದ್ರೆ ಕಾರ್ಡ್ ಅಥವಾ ಅದಕ್ಕೆ ಹೋಗೋ ಪವರ್ ಹಾಳು ಅಂತ ಆಯ್ತು.

ಹಂತ 7: ಬಯಾಸ್ ರೀಸೆಟ್

ಬೋರ್ಡ್ ಮೇಲೆ ಎರಡು ರೂಪಾಯಿ ನಾಣ್ಯದ ಥರ ಒಂದು ಸೆಲ್ ಇರುತ್ತೆ, ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ್ಲೂ ಟೈಮ್, ಸೆಟ್ಟಿಂಗ್ ಉಳಿಸೋದು ಇದರ ಕೆಲಸ. ಸ್ವಲ್ಪ ದಿನದಿಂದ ಸಿಸ್ಟಮ್ ಡೇಟ್ ಹಿಂದಕ್ಕೆ ಹೋಗ್ತಾ ಇತ್ತು, ವೆಬ್‌ಸೈಟ್ ತೆರೆದ್ರೆ ಸರ್ಟಿಫಿಕೇಟ್ ಎರರ್ ಬರ್ತಿತ್ತು ಅಂದ್ರೆ ಸೆಲ್ ಮುಗಿದಿದೆ. ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ.

ರೀಸೆಟ್ ಮಾಡೋ ಮುಂಚೆ ನಿಲ್ಲಿ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ರೆ, ಅಂದ್ರೆ ಡಿಸ್ಕಿಗೆ ಬೀಗ ಹಾಕೋ ವ್ಯವಸ್ಥೆ, ಬಯಾಸ್ ಸೆಟ್ಟಿಂಗ್ ಬದಲಾದ ಮೇಲೆ 48 ಅಂಕಿಯ ರಿಕವರಿ ಕೀ ಕೇಳ್ಬೋದು. ವಿಂಡೋಸ್ 11 ಜೊತೆಗೇ ಬಂದ ಸಿಸ್ಟಮ್‌ಗಳಲ್ಲಿ ನೀವು ಕೇಳದೇನೇ ಆನ್ ಆಗಿರ್ಬೋದು. ಮೊಬೈಲಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಡಿವೈಸ್ ಪಟ್ಟಿಯಲ್ಲಿ ರಿಕವರಿ ಕೀ ಇದ್ಯಾ ನೋಡ್ಕೊಂಡು, ಬರ್ಕೊಂಡು, ಆಮೇಲೆ ಮುಂದುವರೀರಿ. ಇದನ್ನ ನೋಡದೇ ಮಾಡಿದ್ರೆ ಡಿಸ್‌ಪ್ಲೇ ಬರುತ್ತೆ, ಡೇಟಾ ಮಾತ್ರ ಬೀಗದೊಳಗೆ.

ಪವರ್ ಕೇಬಲ್ ಕಿತ್ತು, ಸೆಲ್ ಪಕ್ಕದ ಸಣ್ಣ ಲೋಹದ ಕೊಂಡಿ ಸರಿಸಿದ್ರೆ ಸೆಲ್ ಚಿಮ್ಮಿ ಬರುತ್ತೆ, ಹತ್ತು ನಿಮಿಷ ಬಿಟ್ಟು ಬರಹ ಇರೋ ಕಡೆ ಮೇಲೆ ಮಾಡಿ ವಾಪಸ್ ಹಾಕಿ. ಈಗ ಡಿಸ್‌ಪ್ಲೇ ಬಂದು ಎಫ್1 ಒತ್ತಿ ಅಂತ ಕೇಳಿದ್ರೆ ಗಾಬರಿ ಬೇಡ, ಡೇಟ್ ಸರಿ ಮಾಡಿ ಸೇವ್ ಮಾಡಿ. ಡಿಸ್‌ಪ್ಲೇ ಬಂದು "ಬೂಟ್ ಡಿವೈಸ್ ಇಲ್ಲ" ಅಂದ್ರೆ ಡಿಸ್ಕ್ ಹೋಗಿದೆ ಅಂತ ತೀರ್ಮಾನ ಮಾಡ್ಬೇಡಿ, ಹಳೇ ಸಿಸ್ಟಮಲ್ಲಿ ಬೂಟ್ ಮೋಡ್, ಅಂದ್ರೆ ಬಯಾಸ್ ವಿಂಡೋಸನ್ನ ಎಬ್ಬಿಸೋ ಕ್ರಮ, ಲೆಗಸಿಯಿಂದ (ಹಳೇ ಕ್ರಮ) ಯುಇಎಫ್‌ಐಗೆ (ಹೊಸ ಕ್ರಮ) ಬದಲಾಗಿರ್ಬೋದು ಅಷ್ಟೇ.

ಹಂತ 8: ಎಸ್‌ಎಂಪಿಎಸ್, ಪವರ್ ಬಟನ್

ಮದರ್‌ಬೋರ್ಡಿಗೆ ಎರಡು ಪವರ್ ಕೇಬಲ್ ಹೋಗುತ್ತೆ. ಅಗಲದ 24 ಪಿನ್ ಎಲ್ಲರಿಗೂ ಕಾಣುತ್ತೆ. ಪ್ರೊಸೆಸರ್ ಪಕ್ಕ ಮೂಲೇಲಿ ಇನ್ನೊಂದು 4 ಅಥವಾ 8 ಪಿನ್ನಿಂದು ಇದೆ, ಅದು ಪ್ರೊಸೆಸರಿನ ಊಟ. ಅದು ಬಿಟ್ಟೋಗಿದ್ರೆ ಫ್ಯಾನ್, ಲೈಟ್ ಎಲ್ಲಾ ಬರುತ್ತೆ, ಡಿಸ್‌ಪ್ಲೇ ಬರಲ್ಲ, ಎರಡನ್ನೂ ಕಿತ್ತು ಗಟ್ಟಿಯಾಗಿ ಒತ್ತಿ.

ಪೂರ್ತಿ ಸತ್ತಿರೋ ಸಿಸ್ಟಮ್‌ನಲ್ಲಿ ಪವರ್ ಬಟನ್ನೇ ಹೋಗಿರ್ಬೋದು. ಬೋರ್ಡಿನ ಕೆಳಮೂಲೇಲಿ ಪವರ್ ಸ್ವಿಚ್ ಅಂತ ಇರೋ ಎರಡು ಪಿನ್‌ನಿಂದ ವೈರ್ ಕಿತ್ತು, ಮ್ಯಾನ್ಯುಯಲ್ ನೋಡಿ ಅದೇ ಪಿನ್ ಅಂತ ಖಾತ್ರಿ ಮಾಡ್ಕೊಂಡು, ಕರೆಂಟ್ ಕೊಟ್ಟು, ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ಎರಡಕ್ಕೂ ತಾಗಿಸಿ. ಅಲ್ಲಿ ಬರೋದು ಸಣ್ಣ ವೋಲ್ಟೇಜ್, ಶಾಕ್ ಹೊಡೆಯಲ್ಲ. ಸಿಸ್ಟಮ್ ಎದ್ರೆ ಬಟನ್ ತಪ್ಪು, ಸದ್ಯಕ್ಕೆ ರೀಸೆಟ್ ಬಟನ್ನಿನ ವೈರನ್ನ ಅಲ್ಲಿಗೆ ಹಾಕ್ಕೊಂಡು ನಡೆಸಿ.

ಇದೂ ಆಗ್ಲಿಲ್ಲ ಅಂದ್ರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡೋದೊಂದೇ ನಂಬಿಕಸ್ತ ದಾರಿ. ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಚುಚ್ಚೋ ವಿಡಿಯೋ ನೋಡಿರ್ತೀರಿ, ಅದ್ರಲ್ಲಿ ಫ್ಯಾನ್ ತಿರುಗಿದ್ರೂ ಲೋಡ್ ಬಿದ್ದಾಗ ವೋಲ್ಟೇಜ್ ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ, ಸುಮ್ನೆ ರಿಸ್ಕ್. ಅಷ್ಟೊತ್ತಿಗೆ ಟಾರ್ಚ್ ಹಾಕಿ ಬೋರ್ಡ್ ಪೂರ್ತಿ ನೋಡಿ. ಪ್ರೊಸೆಸರ್ ಸುತ್ತ ನಿಂತಿರೋ ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳ ತಲೆ ಪೂರಿ ಥರ ಉಬ್ಬಿದ್ಯಾ, ಸುಟ್ಟ ಕಲೆ ಇದ್ಯಾ, ಇಲಿ ವೈರ್ ಕಡಿದಿದ್ಯಾ, ಹಲ್ಲಿ ಜಿರಳೆ ಸತ್ತು ಅಂಟ್ಕೊಂಡಿದ್ಯಾ. ಉಬ್ಬಿದ ಕೆಪಾಸಿಟರ್ ಕಂಡ್ರೆ ಮುಂದೆ ತಲೆ ಕೆಡಿಸ್ಕೋಬೇಡಿ, ಅದು ಅಂಗಡಿ ಕೆಲಸ.

ಪ್ರೊಸೆಸರ್ ಮಾತ್ರ ಮನೇಲಿ ಕೀಳ್ಬೇಡಿ. ಎಎಂ4 ಅನ್ನೋ ಸಾಕೆಟ್‌ನ ರೈಜನ್‌ಗಳಲ್ಲಿ ಪ್ರೊಸೆಸರ್ ಮೇಲೆ ಹಚ್ಚಿರೋ ಪೇಸ್ಟ್ ಒಣಗಿ ಕೂಲರ್ ಜೊತೆ ಪ್ರೊಸೆಸರೂ ಕಿತ್ಕೊಂಡು ಬಂದು ಪಿನ್ ಬಗ್ಗುತ್ತೆ, ಇಂಟೆಲ್‌ನಲ್ಲಿ ಕೂದಲಿನಂಥ ಪಿನ್‌ಗಳು ಬೋರ್ಡಲ್ಲೇ ಇರೋದು, ಒಂದು ಬಗ್ಗಿದ್ರೂ ಬೋರ್ಡಿಗೆ ಕುತ್ತು.

ಇನ್ನೊಂದು, ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತಾ? ಮನೆ ಸಾಕೆಟಲ್ಲಿ ಅರ್ತಿಂಗ್ ಇಲ್ಲ ಅಂತ. ಎಲೆಕ್ಟ್ರಿಷಿಯನ್ ಕರೆಸಿ, ಇಲ್ಲಾಂದ್ರೆ ಹೊಸ ಪಾರ್ಟ್ ಹಾಕಿದ್ರೂ ಬಾಳಿಕೆ ಬರಲ್ಲ, ನಿಮಗೂ ಅಪಾಯ.

ಹಂತ 9: ಲೋಗೋ ಬಂದ ಮೇಲೆ ಕಪ್ಪಾದ್ರೆ

ಇಲ್ಲಿ ಹಾರ್ಡ್‌ವೇರ್ ಹೆಚ್ಚಾಗಿ ಸರಿ ಇರುತ್ತೆ, ಡಿಸ್‌ಪ್ಲೇ ಡ್ರೈವರ್ ಅಥವಾ ವಿಂಡೋಸ್ ಅಪ್‌ಡೇಟ್ ಕಿತಾಪತಿ. ಡ್ರೈವರ್ ಅಂದ್ರೆ ಗ್ರಾಫಿಕ್ಸಿಗೂ ವಿಂಡೋಸಿಗೂ ಮಧ್ಯೆ ಮಾತಾಡಿಸೋ ಸಾಫ್ಟ್‌ವೇರ್.

ಮೊದ್ಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತೆ. ಕಪ್ಪು ಸ್ಕ್ರೀನ್ ಮೇಲೆ ಮೌಸ್ ಬಾಣ ಮಾತ್ರ ಓಡಾಡ್ತಿದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ರನ್ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಹೊಡೀರಿ, ಡೆಸ್ಕ್‌ಟಾಪ್ ಬರ್ಬೋದು. ಟಿವಿಗೆ ಕನೆಕ್ಟ್ ಮಾಡಿ ಮರೆತೋರು ವಿಂಡೋಸ್ ಮತ್ತು ಪಿ ಒತ್ತಿ ನೋಡಿ, ಚಿತ್ರ ಇನ್ನೊಂದು ಸ್ಕ್ರೀನಿಗೆ ಹೋಗ್ತಿರುತ್ತೆ.

ಯಾವುದೂ ಆಗ್ಲಿಲ್ವಾ, ಸೇಫ್ ಮೋಡಿಗೆ ಹೋಗ್ಬೇಕು, ಅಂದ್ರೆ ಅತಿ ಅಗತ್ಯದ ಡ್ರೈವರ್‌ಗಳಲ್ಲಿ ಮಾತ್ರ ವಿಂಡೋಸ್ ತೆರೆಯೋದು. ವಿಂಡೋಸ್ 7ರ ಥರ ಎಫ್8 ಕುಟ್ತಾ ಕೂತ್ರೆ 10, 11ರಲ್ಲಿ ಏನೂ ಆಗಲ್ಲ. ಲೋಗೋ ಬಂದು ಚುಕ್ಕಿ ಸುತ್ತೋಕೆ ಶುರುವಾದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ್ರೆ ವಿಂಡೋಸ್ ತಾನಾಗೇ ರಿಪೇರಿ ಸ್ಕ್ರೀನ್ ತೋರಿಸುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಮಾನಿಟರಲ್ಲಿ "ಔಟ್ ಆಫ್ ರೇಂಜ್" ಬರ್ತಿದ್ದೋರು 3 ಒತ್ತಿ, ಕಡಿಮೆ ರೆಸಲ್ಯೂಶನ್ನಲ್ಲಿ ತೆರೆಯುತ್ತೆ. ಒಳಗೆ ಹೋದ್ಮೇಲೆ ಡಿವೈಸ್ ಮ್ಯಾನೇಜರಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್. ಅದು ಮಸುಕಾಗಿದ್ರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲೇ ಈಚಿನ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡೋದೂ ಇದೆ. ಅಲ್ಲೇ "ರೀಸೆಟ್ ದಿಸ್ ಪಿಸಿ" ಅಂತ ಇರುತ್ತೆ, ಆತುರಕ್ಕೆ ಅದನ್ನ ಒತ್ಬೇಡಿ, ಹಾಕ್ಕೊಂಡಿರೋ ಸಾಫ್ಟ್‌ವೇರೆಲ್ಲ ಹೋಗುತ್ತೆ, ತಪ್ಪು ಆಪ್ಷನ್ ಒತ್ತಿದ್ರೆ ಫೈಲ್‌ಗಳೂ.

ಲ್ಯಾಪ್‌ಟಾಪ್ ಆದ್ರೆ

ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚೋಕೆ ಬರೋದಾದ್ರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ, ಎಷ್ಟೋ ಸಲ ಇಷ್ಟಕ್ಕೇ ಸರಿ ಹೋಗುತ್ತೆ. ಇಲ್ಲಾಂದ್ರೆ ರೂಮ್ ಲೈಟ್ ಆರಿಸಿ ಸ್ಕ್ರೀನಿಗೆ ಓರೆಯಾಗಿ ಟಾರ್ಚ್ ಬಿಡಿ, ಮಸುಕಾಗಿ ಚಿತ್ರ ಕಂಡ್ರೆ ಹಿಂದಿನ ಬೆಳಕು ಮಾತ್ರ ಹೋಗಿದೆ, ಲ್ಯಾಪ್‌ಟಾಪ್ ಚೆನ್ನಾಗಿದೆ. ಟಿವಿಗೆ ಎಚ್‌ಡಿಎಂಐ ಹಾಕಿ ಅಲ್ಲಿ ಚಿತ್ರ ಬಂದ್ರೆ ತೊಂದ್ರೆ ಪ್ಯಾನೆಲ್ ಅಥವಾ ಒಳಗಿನ ಕೇಬಲ್‌ದು. ತಕ್ಷಣ ನಿಮ್ಮ ಫೈಲ್ ಬ್ಯಾಕಪ್ ತಗೊಳ್ಳಿ.

ಅಂಗಡಿಗೆ ಹೋಗ್ಲೇಬೇಕಾದ್ರೆ

"ಡಿಸ್‌ಪ್ಲೇ ಬರ್ತಿಲ್ಲ" ಅಂತಷ್ಟೇ ಹೇಳಿ ಇಟ್ಟು ಬರ್ಬೇಡಿ. ರ‍್ಯಾಮ್ ಕ್ಲೀನ್ ಮಾಡಿ ಎರಡೂ ಸ್ಲಾಟಲ್ಲಿ ನೋಡಿದ್ದೀನಿ, ಬಯಾಸ್ ರೀಸೆಟ್ ಆಗಿದೆ, ಬೀಪ್ ಬರಲ್ಲ, ಬೇರೆ ಮಾನಿಟರಲ್ಲೂ ಹಾಗೇ, ಹೀಗೆ ಹೇಳಿದ್ರೆ ಅವರಿಗೂ ಟೈಮ್ ಉಳಿಯುತ್ತೆ, ನಿಮಗೆ ಗೊತ್ತಿದೆ ಅಂತಾನೂ ಗೊತ್ತಾಗುತ್ತೆ. ಲೋಗೋ ಬರೋಕೆ ಡಿಸ್ಕ್ ಬೇಕಾಗೇ ಇಲ್ಲ, ಹಾಗಾಗಿ ಹಾರ್ಡ್ ಡಿಸ್ಕ್ ಅಥವಾ ಸಾಟಾ ಎಸ್‌ಎಸ್‌ಡಿ ಆದ್ರೆ ಎರಡು ಕೇಬಲ್ ಕಿತ್ತು ಡಿಸ್ಕನ್ನ ಮನೇಲೇ ಇಟ್ಟು ಹೋಗಿ. ಡಿಸ್ಕೇ ಇಲ್ಲದ ಸಿಸ್ಟಮ್ಮನ್ನ ಯಾರೂ ಫಾರ್ಮ್ಯಾಟ್ ಮಾಡೋಕಾಗಲ್ಲ. ಬಿಲ್ ಹುಡುಕಿ ತಗೊಂಡು ಹೋಗಿ, ಮದರ್‌ಬೋರ್ಡ್, ಎಸ್‌ಎಂಪಿಎಸ್, ರ‍್ಯಾಮ್ ಒಂದೊಂದಕ್ಕೂ ವಾರಂಟಿ ಬೇರೆ ಬೇರೆ, ರ‍್ಯಾಮ್‌ಗೆ ಲೈಫ್‌ಟೈಮ್ ವಾರಂಟಿ ಕೊಡೋ ಕಂಪನಿಗಳಿವೆ, ಕ್ಲೀನ್ ಮಾಡೋ ಭರಾಟೆಯಲ್ಲಿ ಅದರ ಮೇಲಿನ ಸ್ಟಿಕರ್ ಮಾತ್ರ ಕಿತ್ತಾಕ್ಬೇಡಿ, ಸೀರಿಯಲ್ ನಂಬರ್ ಇರೋದು ಅದ್ರಲ್ಲೇ.